ಎರಡು ಬೆರಳಗಲದ ಬೂದು ಮಣ್ಣು

ಜನವರಿ ೯

ಅಗೆತದ ವಿವರ ಬರೆಯಲು ಪುರಾತತ್ವ ಇಲಾಖೆಯ ಪುಸ್ತಕವಿದೆ. ಇದು ಅದಲ್ಲ. ಅದರಲ್ಲಿ ಬರೆಯಲಾಗದ್ದನ್ನು, ಮುಖ್ಯವಾಗಿ ಬೈಗುಳವನ್ನು, ಬರೆದುಕೊಳ್ಳಲು ಪ್ರತಿ ಸಲವೂ ಬೇರೊಂದು ಪುಸ್ತಕ ಇಟ್ಟುಕೊಳ್ಳುತ್ತೇನೆ. ಮೊದಲ ಬೈಗುಳ ಇದನ್ನು ಮಾರಿದವನಿಗೇ ಸಲ್ಲಲಿ. ಹೊಸ ಸರಕು ಅಂತ ಹೇಳಿ ಹಳದಿ ತಿರುಗಿದ ಕಾಗದ ದಾಟಿಸಿದ್ದಾನೆ. ಗೆರೆಗಳಂತೂ ಇದ್ದೂ ಇಲ್ಲದ ಹಾಗಿವೆ.

ಮೇಲಿನ ಗುಂಡಿ ಇವತ್ತು ಮುಗಿಯಿತು. ಈ ಬೆಟ್ಟದ ಇಳಿಜಾರಿನಲ್ಲಿ ಸಾವಿರಾರು ವರ್ಷಗಳ ಹಿಂದೆ ಯಾರೋ ಅಡ್ಡಕ್ಕೆ ಕಲ್ಲಿನ ತಡೆಗೋಡೆ ಕಟ್ಟಿ, ಅದರ ಹಿಂದೆ ಮಣ್ಣು ತುಂಬಿ, ಮೆಟ್ಟಿಲು ಮೆಟ್ಟಿಲಾಗಿ ಹೊಲ ಮಾಡಿಕೊಂಡಿದ್ದರು. ಹೊಲಕ್ಕೆ ಬೆನ್ನು ಕೊಟ್ಟ ಹಾಗೆ ಅವರ ಮನೆಗಳು. ಒಂದು ದಿನ ಎಲ್ಲ ಬಿಟ್ಟು ಎದ್ದು ಹೋಗಿದ್ದಾರೆ. ಗುಂಡಿ ತೋಡಿದರೆ ಅದರ ಬದಿಯಲ್ಲಿ ಇದೆಲ್ಲ ಪದರ ಪದರವಾಗಿ ಕಾಣುತ್ತದೆ. ಒಂದು ಪದರ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆಂದು ಮಣ್ಣಿನ ಬಣ್ಣ ನೋಡಿ ಹೇಳಬೇಕು, ಅಲ್ಲಿಗೆ ಹಾಳೆಯ ಮೇಲೆ ಗೆರೆ ಎಳೆಯಬೇಕು. ಅದು ನನ್ನ ಕೆಲಸ. ಗೆರೆ ಎಳೆದಾದ ಮೇಲೆ ಆ ಮಣ್ಣನ್ನು ಅಗೆದು ಬುಟ್ಟಿಯಲ್ಲಿ ಹೊತ್ತು ಕೆಳಗೆ ಸುರಿಯುತ್ತಾರೆ. ಆಮೇಲೆ ಲೋಕದಲ್ಲಿ ಉಳಿಯುವುದು ನನ್ನ ಗೆರೆ ಮಾತ್ರ. ಕೆಲಸದವರು ನನ್ನ ಬೆನ್ನ ಹಿಂದೆ ‘ಹದ್ದು ಸರ್’ ಅನ್ನುತ್ತಾರೆ. ಕೇಳಿಸದವನ ಹಾಗೆ ಇರುತ್ತೇನೆ, ಹೆಸರು ಚೆನ್ನಾಗಿಯೇ ಇದೆ.

ಮೇಲಿನ ಗುಂಡಿಯಲ್ಲಿ ಅವರು ತುಳಿದ ಹಳೇ ನೆಲದಿಂದ ಹಿಡಿದು ಹುಲ್ಲಿನ ಬೇರಿನವರೆಗೆ ಒಂದೇ ಕಂದು ಮಣ್ಣು, ನಡುವೆ ಪಾಳು ಬಿದ್ದ ಕಾಲದ ಬೇರೆ ಪದರವಿಲ್ಲ. ಅಂದರೆ ಬಿಟ್ಟು ಹೋದವರು ಮತ್ತೆ ಬರಲಿಲ್ಲ. ಒಂದೇ ಮಧ್ಯಾಹ್ನದಲ್ಲಿ ಬರೆದು ಮುಗಿಸಿದೆ. ಇಷ್ಟು ಚೊಕ್ಕ ಚಿತ್ರ ಬರೆದು ಎಷ್ಟೋ ವರ್ಷವಾಗಿತ್ತು. ಮೇಸ್ತ್ರಿ ನಾಲ್ಕೂ ಬದಿಯ ಮಣ್ಣನ್ನು ಬಂಡೆ ಸಿಗುವವರೆಗೆ ಅಗೆಸಿ ತೆಗೆಸಿ ಗುಂಡಿಯನ್ನು ಮುಚ್ಚಿಸಿದ.

ಜನವರಿ ೧೨

ಮಗಳು ಪಟ್ಟಣದಿಂದ ವಾಪಸು ಬಂದಳು. ಈ ಅಗೆತದ ಮುಖ್ಯಸ್ಥೆ ಅವಳೇ. ಬೆಟ್ಟದ ಮೇಲೆ ನಾನು ಅವಳಿಗೆ ‘ಮೇಡಂ’ ಅನ್ನಬೇಕು, ಅವಳು ನನಗೆ ‘ಸರ್’ ಅನ್ನುತ್ತಾಳೆ. ಬಾಡಿಗೆ ಮನೆಯ ಹೊಸಿಲು ದಾಟಿದ ಕೂಡಲೇ ‘ಅಪ್ಪ, ಒದ್ದೆ ಟವೆಲ್ಲು ಕುರ್ಚಿ ಮೇಲೆ ಹಾಕ್ಬೇಡ’ ಶುರು. ಈ ಏರ್ಪಾಟು ಅವಳದೇ. ಚಿಕ್ಕಂದಿನಲ್ಲಿ ನನ್ನ ಪೆನ್ಸಿಲ್ ಕದ್ದು ಗೋಡೆಯ ತುಂಬ ಗೀಚಿ ಒದೆ ತಿಂದವಳು ಈಗ ನನ್ನ ಹಾಜರಿಗೆ ಸಹಿ ಹಾಕುತ್ತಾಳೆ. ಇರಲಿ.

ಅಗೆತಕ್ಕೆ ಹಣ ಕೊಡುವ ಸಮಿತಿಯವರು ಅವಳಿಗೆ ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ. ಒಂದು ಸಲ ಬಂದು ಹೋದವರ ಊರಾದರೆ ಅಗೆದದ್ದು ಸಾಕು, ಮುಚ್ಚಿ ಬನ್ನಿ. ಬಿಟ್ಟು ಹೋದವರು ಮತ್ತೆ ಬಂದು ಹೊಲ ಎಬ್ಬಿಸಿದ ಗುರುತು ತೋರಿಸಿದರೆ ಇನ್ನೆರಡು ವರ್ಷ ಕೊಡುತ್ತೇವೆ. ಫೆಬ್ರವರಿ ಮಧ್ಯದಲ್ಲಿ ಮಣ್ಣಿನ ಡಾಕ್ಟರು ಬಂದು ನೋಡುತ್ತಾರಂತೆ. ಮಣ್ಣು ಪರೀಕ್ಷೆ ಮಾಡುವ ಅವರನ್ನು ನಾವೆಲ್ಲ ಹಾಗೇ ಕರೆಯುವುದು. ನನಗೆ ಹಳೇ ಪರಿಚಯ.

“ಮತ್ತೆ ಬಂದಿದ್ರು ಅಪ್ಪ. ಮಡಕೆ ಚೂರಲ್ಲಿ ಎರಡು ಥರದ ಕೈಚಳಕ ಇದೆ. ಮಧ್ಯ ಒಂದೆರಡು ತಲೆಮಾರು ಖಾಲಿ ಬಿದ್ದಿರಬೇಕು.”

“ಮೇಲಿನ ಗುಂಡಿ ಹಾಗೆ ಹೇಳಲ್ಲ.”

“ನಾನು ಅದನ್ನ ನೋಡಕ್ಕೇ ಆಗ್ಲಿಲ್ಲ.”

“ನಾನು ನೋಡಿದೀನಲ್ಲ.”

ನಾನು ನೋಡಿದ ಮೇಲೆ ಇನ್ನೊಬ್ಬರು ನೋಡುವ ರೂಢಿ ಇಲ್ಲಿ ಇಲ್ಲ.

ಜನವರಿ ೧೭

ಹೆಂಡತಿಯ ಫೋನು. “ರೀ, ಕಣ್ಣು ತೋರಿಸಿದ್ರಾ?” ಕುಶಲ ಕೇಳುವ ಬದಲು ಇದೊಂದು ಹಿಡಿದುಕೊಂಡಿದ್ದಾಳೆ. ಮನೆಯಲ್ಲಿ ಟೀಪುಡಿ ಡಬ್ಬಿಗೆ ಕೈ ಹಾಕುವ ಬದಲು ಕಾಫಿಪುಡಿ ಡಬ್ಬಿಗೆ ಹಾಕಿದ್ದೆನಂತೆ, ಅದಕ್ಕೆ ಕಣ್ಣೇ ಹೋಯಿತು ಅನ್ನುವ ಹಾಗೆ ರಂಪ. ತೊಂದರೆ ಇರುವುದು ಇಲ್ಲಿನ ಬಲ್ಬುಗಳಲ್ಲಿ. ಸುತ್ತ ಮಂಜು ಕವಿದ ಹಾಗೆ ಉರಿಯುತ್ತವೆ. ಮನೆಯವನಿಗೆ ಹೇಳಿ ಬದಲಾಯಿಸಿದೆ. ಹೊಸ ಬಲ್ಬೂ ಅದೇ ಹಣೆಬರಹ.

ಮಧ್ಯಾಹ್ನ ಮೇಸ್ತ್ರಿ ಓಡಿ ಬಂದು, “ಸರ್, ಮೇಡಂ ನೀಲಿ ಜಾಕೆಟ್ಟು ಮನೇಲಿ ಮರೆತಿದಾರಂತೆ. ನೀವು ಊಟಕ್ಕೆ ಹೋಗ್ತೀರಲ್ಲ, ಬರ್ತಾ ತಂದುಬಿಡಿ” ಅಂದ. ಮನೆಯಲ್ಲಿ ಗೂಟಕ್ಕೆ ನೇತು ಹಾಕಿದ್ದು ಒಂದೇ ಜಾಕೆಟ್ಟು, ಕಂದು. ನೀಲಿ ಎಲ್ಲೂ ಇರಲಿಲ್ಲ. ಬರಿಗೈಯಲ್ಲಿ ವಾಪಸು ಹೋಗಿ, “ಮೊದಲು ಬಣ್ಣ ಕಲಿ, ಆಮೇಲೆ ಹೇಳಿಕಳಿಸು” ಅಂತ ಅವನಿಗೆ ಚೆನ್ನಾಗಿ ಹಾಕಿದೆ. ಪಾಪ, ಬಾಯಿ ತೆರೆದು ಮತ್ತೆ ಮುಚ್ಚಿಕೊಂಡ. ಸಂಜೆ ಮಗಳು ಮೈ ನಡುಗಿಸುತ್ತ ಬಂದಳು. “ನಿನ್ನ ಕಂದು ಜಾಕೆಟ್ಟು ಅಲ್ಲೇ ಇತ್ತಲ್ಲೇ, ಸರಿಯಾಗಿ ಹೇಳಬಾರದಿತ್ತಾ?” ಅಂದೆ. ಅವಳು ನನ್ನ ಮುಖವನ್ನೇ ನೋಡಿದಳು. “ಹೌದಪ್ಪ, ನನ್ನದೇ ತಪ್ಪು” ಅಂದಳು. ಇಷ್ಟು ಬೇಗ ತಪ್ಪು ಒಪ್ಪಿಕೊಳ್ಳುವ ಜಾತಿಯಲ್ಲ ಅದು. ಜ್ವರ ಗಿರ ಬರುತ್ತಿದೆಯೋ ಏನೋ.

ಜನವರಿ ೨೧

ಧೂಳು. ಬರೆಯುವಂಥದ್ದೇನೂ ಇಲ್ಲ.

ಜನವರಿ ೨೫

ಮೈಯೆಲ್ಲ ಉರಿಯುತ್ತಿದೆ, ಬರೆದು ಇಳಿಸಿಕೊಳ್ಳುತ್ತೇನೆ.

ಬೆಟ್ಟದ ನಡುವಿನ ಮೆಟ್ಟಿಲಲ್ಲಿ ದೊಡ್ಡ ಗುಂಡಿ ತೋಡಿದ್ದೇವೆ, ತಡೆಗೋಡೆಯ ಬೆನ್ನಿಗೇ. ನಿನ್ನೆ ಅದರ ಬದಿಯನ್ನು ಕರಣೆಯಲ್ಲಿ ಹೆರೆದು, ನೀರು ಚಿಮುಕಿಸಿ ಸಿದ್ಧ ಮಾಡಿದ್ದರು. ಇವತ್ತು ಮಟ್ಟದ ದಾರ ಕಟ್ಟಿ, ತೂಗುಗುಂಡು ಬಿಟ್ಟು, ಬರೆಯಲು ಕೂತೆ. ಕೆಳಗೆ ನೆಲ, ಅದರ ಮೇಲೆ ದಪ್ಪ ಕಂದು ಮಣ್ಣು, ಮೇಲೆ ಬೇರು. ಮೇಲಿನ ಗುಂಡಿಯ ತದ್ರೂಪ. ಮಗಳು ಹಿಂದೆ ಬಂದು ನಿಂತಳು.

“ಸರ್, ಇಲ್ಲಿ ಮಧ್ಯ ಒಂದು ಬೂದು ಪಟ್ಟಿ ಇದೆಯಲ್ಲ, ಎರಡು ಬೆರಳಗಲ. ಅದು ಬಿಟ್ಟುಹೋಗಿದೆ ಅನ್ಸುತ್ತೆ.”

“ಯಾವ ಪಟ್ಟಿ?”

“ಇದು.” ಉದ್ದಕ್ಕೂ ಬೆರಳಾಡಿಸಿ ತೋರಿಸಿದಳು.

ಹತ್ತಿರ ಹೋಗಿ ನೋಡಿದೆ. ದೂರ ನಿಂತು ನೋಡಿದೆ. ಬೆರಳ ಮೇಲೆ ಕಂದು, ಬೆರಳ ಕೆಳಗೆ ಕಂದು, ಬೆರಳಿದ್ದಲ್ಲಿಯೂ ಕಂದು.

“ನೀರಿನ ಕಲೆ ಅದು. ಒಣಗಿದರೆ ಹೋಗುತ್ತೆ.”

“ನಿನ್ನೆ ಒಣಗಿದ್ದಾಗಲೂ ಇತ್ತು ಸರ್.”

ಕೆಲಸದವರೆಲ್ಲ ಗುದ್ದಲಿ ನಿಲ್ಲಿಸಿ ನೋಡುತ್ತಿದ್ದರು. ಮೇಸ್ತ್ರಿಯನ್ನು ಕರೆದೆ. “ಏನಯ್ಯಾ, ನಿನಗೆ ಪಟ್ಟಿ ಕಾಣುತ್ತಾ?” ಅವನು ಬದಿಯನ್ನು ನೋಡಿದ, ನನ್ನನ್ನು ನೋಡಿದ, ತಲೆ ಕೆರೆದುಕೊಂಡ. “ಸರ್ ಹೇಳಿದ ಮೇಲೆ ಮುಗೀತಲ್ಲ ಮೇಡಂ. ನನಗೂ ಏನೂ ಕಾಣ್ತಿಲ್ಲ” ಅಂದ. ಉಳಿದವರೂ ತಲೆಯಾಡಿಸಿದರು. ಮಗಳು, “ಸರಿ ಸರ್” ಅಂತ ಹೇಳಿ ಇಳಿದು ಹೋದಳು.

ಪಟ್ಟಿ ಇದ್ದರೆ ಅವಳಿಗೆ ಎರಡು ವರ್ಷ ಸಿಗುತ್ತದೆ, ಅದಕ್ಕೇ ಪಟ್ಟಿ ಕಾಣುತ್ತಿದೆ. ಬೇಕಾದ್ದು ಕಾಣುವ ಕಣ್ಣು ಈ ಕೆಲಸಕ್ಕೆ ಬಾರದು. ಮನೆಗೆ ಬಂದ ಮೇಲೂ ‘ಸರ್, ಊಟ ಮಾಡಿ’ ಅಂದಳು. ಅದು ಮಾತ್ರ ನೋವಾಯಿತು.

ಜನವರಿ ೨೯

ಹೊಸ ಹುಚ್ಚು. ಗುಂಡಿಯ ಬದಿಯಲ್ಲಿ ಪದರಗಳು ಕೂಡುವ ಜಾಗದಲ್ಲೆಲ್ಲ ಮಗಳು ಉದ್ದುದ್ದ ಮೊಳೆ ಹೊಡೆಸಿ, ಒಂದೊಂದಕ್ಕೂ ದೊಡ್ಡ ಚೀಟಿ ಕಟ್ಟಿಸಿದ್ದಾಳೆ. ಕೆಲಸದವರಿಗೆ ತರಬೇತಿಯಂತೆ. ನೋಡಲು ಬಟ್ಟೆ ಒಣಹಾಕಿದ ಹಾಗಿದೆ. ನಮ್ಮ ಕಾಲದಲ್ಲಿ ಬದಿಗೆ ಮೊಳೆ ಹೊಡೆದವನ ಕೈ ಮುರಿಯುತ್ತಿದ್ದರು ಅಂತ ಅವಳ ಮುಖಕ್ಕೇ ಹೇಳಿದೆ. ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಒಂದು ಅನುಕೂಲ ಮಾತ್ರ ಉಂಟು, ಕೆಲಸ ಬೇಗ ಸಾಗುತ್ತದೆ. ಮೊಳೆಯಿಂದ ಮೊಳೆಗೆ ಅಳೆದು ಗೆರೆ ಕೂಡಿಸಿದರಾಯಿತು. ಆ ಪಟ್ಟಿ ಅಂತಾಳಲ್ಲ, ಅಲ್ಲಿ ಮೊಳೆ ಹೊಡೆಸಿಲ್ಲ. ಅಷ್ಟು ಮರ್ಯಾದೆ ಇಟ್ಟುಕೊಂಡಿದ್ದಾಳೆ.

ಫೆಬ್ರವರಿ ೨

ಗುಂಡಿಯ ಪಕ್ಕ ಗುರುತು ಹಾಕಿದ ಚೌಕವನ್ನು ನನ್ನ ಚಿತ್ರದ ಪ್ರಕಾರ ಅಗೆಯಬೇಕಿತ್ತು. ಕಂದು ಮಣ್ಣೆಲ್ಲ ಒಂದೇ ಪದರ, ಅದರಲ್ಲಿ ಸಿಕ್ಕ ಚೂರೆಲ್ಲ ಒಂದೇ ಚೀಲಕ್ಕೆ. ಅರ್ಧ ದಿನ ಅಗೆದ ಮೇಲೆ ಮಗಳು ನಿಲ್ಲಿಸಿಬಿಟ್ಟಳು. ಹಗ್ಗ ಸರಿಯಿಲ್ಲವಂತೆ. ನಿನ್ನೆ ಟಾರ್ಪಾಲು ಸರಿಯಿರಲಿಲ್ಲ. ಮೊನ್ನೆ ಮೇಸ್ತ್ರಿಗೆ ಹೊಟ್ಟೆನೋವು. ಅವನು ಹೊಟ್ಟೆನೋವಿನಲ್ಲೇ ಎರಡು ತಟ್ಟೆ ಊಟ ಬಾರಿಸಿದ್ದನ್ನು ನಾನೇ ನೋಡಿದೆ. ಡಾಕ್ಟರು ಬರುವ ದಿನ ಹತ್ತಿರವಾಗುತ್ತಿದೆ, ಇವರು ಕೈ ಕಟ್ಟಿ ಕೂತಿದ್ದಾರೆ.

ಫೆಬ್ರವರಿ ೬

ಬಿದ್ದೆ. ದೊಡ್ಡದೇನಲ್ಲ. ಬಿಸಿಲಿಗೆ ಎದುರಾಗಿ ಇಳಿಯುತ್ತಿದ್ದೆ, ಇಲ್ಲದ ಕಡೆ ಮೆಟ್ಟಿಲು ಇದೆ ಅಂದುಕೊಂಡು ಕಾಲಿಟ್ಟೆ. ಮಂಡಿ ತರಚಿತು. ಅಷ್ಟಕ್ಕೇ ಮಗಳ ಕಣ್ಣಲ್ಲಿ ನೀರು.

ಈಚೆಗೆ ಅವಳು ಹತ್ತುವಾಗ ಇಳಿಯುವಾಗ ನನ್ನ ಮುಂದೆಯೇ ಇರುತ್ತಾಳೆ, ಬಾಯಿಗೆ ಬಿಡುವಿಲ್ಲ. “ಅಪ್ಪ, ಇದೇ ಅಲ್ವಾ ನೀನು ಮೇಸ್ತ್ರಿಗೆ ಬೈದಿದ್ದ ಅಲ್ಲಾಡೋ ಕಲ್ಲು? ನೋಡು, ಇನ್ನೂ ಸರಿ ಮಾಡಿಲ್ಲ.” “ಅಬ್ಬಾ, ಇಲ್ಲಿ ಎಷ್ಟು ಆಳ ಇದೆ, ನನಗೇ ಭಯ ಆಗುತ್ತೆ.” “ಎಡಕ್ಕೆ ಮುಳ್ಳು ಬೆಳೆದುಬಿಟ್ಟಿದೆಯಪ್ಪ.” ಬೆಟ್ಟದ ಮೇಲೂ ‘ಸರ್’ ಬಿಟ್ಟು ‘ಅಪ್ಪ’ ಅನ್ನುತ್ತಿದ್ದಾಳೆ. ಇಷ್ಟೊಂದು ಮಾತು ಅವಳಿಗೆ ಎಲ್ಲಿಂದ ಬಂತೋ. ತಲೆ ತಿನ್ನುತ್ತಾಳೆ. ನಿಜ ಹೇಳಬೇಕೆಂದರೆ ಕೇಳಲು ಹಿತವಾಗಿರುತ್ತದೆ.

ಫೆಬ್ರವರಿ ೧೦

ಮಣ್ಣಿನ ಬಣ್ಣ ಹೋಲಿಸಲು ಒಂದು ಪುಸ್ತಕವಿರುತ್ತದೆ. ಪುಟದ ತುಂಬ ಬಣ್ಣದ ಚೌಕಗಳು, ಪಕ್ಕದಲ್ಲಿ ತೂತು. ತೂತಿನ ಹಿಂದೆ ಮಣ್ಣು ಹಿಡಿದು ಯಾವ ಚೌಕಕ್ಕೆ ಹೊಂದುತ್ತದೆ ನೋಡಬೇಕು. ಕಣ್ಣಿಲ್ಲದವರಿಗೆ ಅದು ಅಂತ ನಾನು ಯಾವತ್ತೂ ಮುಟ್ಟಿದವನಲ್ಲ. ಇವತ್ತು ಯಾರೂ ಇಲ್ಲದಾಗ, ಒಳ್ಳೇ ಬಿಸಿಲಲ್ಲಿ, ತೆರೆದು ನೋಡಿದೆ. ಒಂದು ಪುಟದಲ್ಲಿ ಚೌಕಗಳೆಲ್ಲ ಹೆಚ್ಚುಕಡಿಮೆ ಒಂದೇ. ಮಾಸಿಹೋದ ಪುಸ್ತಕ.

ಮಗಳಿಗೆ, “ಇದು ಹಳೇದಾಯ್ತು, ಹೊಸದು ತರಿಸು” ಅಂದೆ.

“ಅದು ಹೊಸದೇ ಅಪ್ಪ. ಈ ಸಲವೇ ತರಿಸಿದ್ದು.”

ಅವಳು ಚಹಾ ಮಾಡುತ್ತೇನೆಂದು ಒಳಗೆ ಹೋದಳು.

ಭಯವಾಯಿತು.

ಫೆಬ್ರವರಿ ೧೨

ಎಲ್ಲರೂ ಊಟಕ್ಕೆ ಇಳಿದಾಗ ನಾನು ಹಸಿವಿಲ್ಲ ಅಂದು ಗುಂಡಿಯಲ್ಲೇ ಉಳಿದೆ.

ಕಣ್ಣು ಮುಚ್ಚಿಕೊಂಡೆ. ಕರಣೆಯ ತುದಿಯನ್ನು ಬದಿಯ ಮೇಲೆ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಎಳೆದೆ. ಕರಕರ, ಕರಕರ, ಆಮೇಲೆ ಇದ್ದಕ್ಕಿದ್ದಂತೆ ಸದ್ದೇ ಇಲ್ಲ, ಹಿಟ್ಟಿನ ಮೇಲೆ ಎಳೆದ ಹಾಗೆ. ಮತ್ತೆ ಕರಕರ. ಒಂದು ಮೊಳ ಪಕ್ಕಕ್ಕೆ ಸರಿದು ಎಳೆದೆ. ಅದೇ. ಇನ್ನೊಂದು ಮೊಳ. ಅದೇ. ಸದ್ದಿಲ್ಲದ ಕಡೆಯಿಂದ ಒಂದು ಚಿಟಿಕೆ ತೆಗೆದು ಹಲ್ಲಿನ ನಡುವೆ ಇಟ್ಟು ಕಡಿದೆ. ಮೇಲಿನ ಮಣ್ಣು, ಕೆಳಗಿನ ಮಣ್ಣು ಎರಡೂ ಹಲ್ಲಿಗೆ ಮರಳಾಗಿ ಸಿಗುತ್ತವೆ. ಇದು ಸಿಗಲಿಲ್ಲ, ನುಣ್ಣಗೆ ಕರಗಿತು. ಹೂಳು. ಹೊಲ ನೋಡುವವರಿಲ್ಲದೆ, ಗೋಡೆಯ ಹಿಂದಿನ ಕಾಲುವೆ ಬಳಿಯುವವರಿಲ್ಲದೆ, ಮೇಲಿನಿಂದ ಹರಿದು ಬಂದ ಕೆಸರು ವರ್ಷಗಟ್ಟಲೆ ಕೂತು ಗಟ್ಟಿಯಾದದ್ದು. ಅದರ ಮೇಲೆ ಮತ್ತೆ ಒರಟು ಮಣ್ಣಿದೆ, ಅಂದರೆ ಯಾರೋ ಬಂದು ತುಂಬಿಸಿದ್ದಾರೆ. ಎರಡು ಬೆರಳಗಲ, ಅವಳು ಹೇಳಿದಷ್ಟೇ, ಅವಳು ಹೇಳಿದ ಕಡೆಯಲ್ಲೇ.

ಕಣ್ಣು ಬಿಟ್ಟೆ. ಕಂದು ಗೋಡೆ.

ಯಾರಿಗೂ ಹೇಳಿಲ್ಲ.

ಫೆಬ್ರವರಿ ೧೩

ಮೇಸ್ತ್ರಿಯನ್ನು ನೀರಿನ ತೊಟ್ಟಿಯ ಹಿಂದಕ್ಕೆ ಕರೆದುಕೊಂಡು ಹೋದೆ.

“ನಿಜ ಹೇಳು. ಆವತ್ತು ಪಟ್ಟಿ ಕಂಡಿತ್ತಾ ನಿನಗೆ?”

“ಸರ್, ಅದು...”

“ಕಂಡಿತ್ತಾ ಇಲ್ವಾ?”

“ಕಂಡಿತ್ತು ಸರ್.”

“ಮತ್ತೆ ಯಾಕಯ್ಯಾ ಬೊಗಳಿದೆ ಇಲ್ಲ ಅಂತ?”

“ನೀವು ಇಲ್ಲ ಅಂದ್ರಲ್ಲ ಸರ್. ಇಷ್ಟು ವರ್ಷದಲ್ಲಿ ನೀವು ಇಲ್ಲ ಅಂದಿದ್ದು ಯಾವತ್ತಾದ್ರೂ ಇತ್ತಾ? ನನ್ನ ಕಣ್ಣೇ ಸರಿಯಿಲ್ಲ ಅಂದುಕೊಂಡೆ.”

“ಉಳಿದವರು?”

“ಅವರಿಗೂ ಹಾಗೇ ಸರ್. ಎಲ್ಲರೂ ರಾತ್ರಿ ಮಾತಾಡ್ಕೊಂಡ್ವಿ, ನಮಗೇ ಏನೋ ಆಗಿದೆ ಅಂತ.”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಂದು ಬೆಟ್ಟದ ಜನವೆಲ್ಲ ಕಣ್ಣೆದುರು ಇದ್ದದ್ದನ್ನು ನನ್ನ ಮರ್ಯಾದೆಗೋಸ್ಕರ ಕಾಣಲಿಲ್ಲ ಅಂದಿದ್ದಾರೆ. ಹೊರಟವನನ್ನು ನಿಲ್ಲಿಸಿ ಕೇಳಿದೆ.

“ಮೇಡಂ ಜಾಕೆಟ್ಟು ಯಾವ ಬಣ್ಣ?”

ಅವನು ಪಾದ ನೋಡಿಕೊಳ್ಳುತ್ತ ಹೇಳಿದ. “ನೀಲಿ, ಸರ್.”

ಮೇಲಿನ ಗುಂಡಿ ನೆನಪಾಯಿತು. ಅದರ ಮಣ್ಣಿನಲ್ಲಿ ಪಟ್ಟಿ ಇತ್ತೋ ಇರಲಿಲ್ಲವೋ, ಆವತ್ತು ನನ್ನ ಹೊರತು ಯಾರೂ ಗಮನಿಸಿ ನೋಡಿರಲಿಲ್ಲ, ಇನ್ನು ಯಾರೂ ಹೇಳಲಾರರು. ಬುಟ್ಟಿಯಲ್ಲಿ ಹೊತ್ತು ಸುರಿದಾಗಿದೆ. ಉಳಿದಿರುವುದು ನನ್ನ ಚೊಕ್ಕ ಚಿತ್ರ.

ಫೆಬ್ರವರಿ ೧೫

ಮಣ್ಣಿನ ಡಾಕ್ಟರು ಬಂದರು. ಹೊಟ್ಟೆ ಬಂದಿದೆ, ಏದುಸಿರು ಬಿಡುತ್ತ ಹತ್ತಿದರು. ನನ್ನ ಬೆನ್ನು ತಟ್ಟಿ, “ಇವರೊಬ್ಬರಿದ್ರೆ ನಮ್ಮ ಲ್ಯಾಬೇ ಬೇಡ” ಅಂತ ಎಲ್ಲರ ಮುಂದೆ ಹಳೇ ಹಾಡು ಹಾಡಿದರು. ಗುಂಡಿಗೆ ಇಳಿದು ಬದಿಯ ಮುಂದೆ ನಿಂತರು. ಮಗಳು ಮಡಕೆ ಚೂರಿನ ವಿಷಯ ಹೇಳಿದಳು, ಪಟ್ಟಿಯನ್ನು ತೋರಿಸಿದಳು.

“ಇಲ್ಲೇನೋ ಇರೋ ಹಾಗಿದೆ. ನೆರಳಲ್ಲಿ ಸರಿಯಾಗಿ ಹೇಳಕ್ಕಾಗಲ್ಲ” ಅಂದರು ಡಾಕ್ಟರು. “ಡ್ರಾಯಿಂಗ್ ಎಲ್ಲಿ?”

ಚಿತ್ರ ಅವಳ ಕೈಯಲ್ಲಿದ್ದ ಹಲಗೆಯಲ್ಲೇ ಇತ್ತು. ಅವಳು ಹಲಗೆಯನ್ನು ಎದೆಗವಚಿಕೊಂಡಳು. “ಇನ್ನೂ ಮುಗಿದಿಲ್ಲ ಸರ್. ನಾನೇ ತಡ ಮಾಡ್ಸಿದೆ.”

ಅವಳು ಇಷ್ಟು ನೇರವಾದ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಗೋಡೆಗೆ ಗೀಚಿದಾಗಲೂ ಹೇಳಿರಲಿಲ್ಲ.

ಡಾಕ್ಟರು ನನ್ನ ಕಡೆ ತಿರುಗಿದರು. “ಡ್ರಾಯಿಂಗ್ ಹಾಗಿರಲಿ. ನೀವು ಬಾಯಲ್ಲಿ ಹೇಳಿ ಸಾಕು. ಪಟ್ಟಿ ಇದೆ ಅಂದ್ರೆ ನಾನು ಮಾದರಿ ಕೂಡ ತಗೊಳ್ಳಲ್ಲ, ಇಲ್ಲೇ ಬರೆದುಕೊಟ್ಟು ಹೋಗ್ತೀನಿ.”

ಇದೆ ಅಂದುಬಿಡಬಹುದಿತ್ತು. ಸುಳ್ಳೂ ಆಗುತ್ತಿರಲಿಲ್ಲ. ಅವಳಿಗೆ ಎರಡು ವರ್ಷ ಸಿಗುತ್ತಿತ್ತು, ನಾನು ಹದ್ದಾಗಿಯೇ ಮನೆಗೆ ಹೋಗುತ್ತಿದ್ದೆ. ಆದರೆ ನಾಳೆ ನಾನು ಇಲ್ಲ ಅಂದದ್ದನ್ನೂ ಅವರು ಹೀಗೇ ನಂಬುತ್ತಾರಲ್ಲ. ಮೇಲಿನ ಗುಂಡಿಯ ಚಿತ್ರ ಆಗಲೇ ಇಲಾಖೆಯಲ್ಲಿದೆ.

“ನನ್ನ ಕಣ್ಣಿಗೆ ಪಟ್ಟಿ ಕಾಣ್ತಿಲ್ಲ” ಅಂದೆ.

“ಹಾಗಾದ್ರೆ ಇಲ್ಲ ಅಂತೀರಾ?”

“ಇದೆ. ನನಗೆ ಕಾಣ್ತಿಲ್ಲ ಅಷ್ಟೇ. ಮಗಳಿಗೆ ಕಾಣುತ್ತೆ, ಮೇಸ್ತ್ರಿಗೆ ಕಾಣುತ್ತೆ, ಬುಟ್ಟಿ ಹೊರೋರಿಗೂ ಕಾಣುತ್ತೆ. ನನ್ನ ಕಣ್ಣು ಹೋಗಿದೆ ಡಾಕ್ಟ್ರೇ. ನೀವು ಮಾದರಿ ತಗೊಳ್ಳಿ.”

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

“ಮೇಲಿನ ಗುಂಡಿ?”

“ಅದೂ ಇದೇ ಕಣ್ಣಲ್ಲಿ ಬರೆದಿದ್ದು. ನಂಬಬೇಡಿ.”

“ಅದರ ಮಣ್ಣು ಏನಾದ್ರೂ ಉಳಿದಿದೆಯಾ?”

“ಇಲ್ಲ.”

ಮಗಳು ಹಲಗೆಯಿಂದ ನನ್ನ ಹಾಳೆ ತೆಗೆದು ಹೊಸ ಹಾಳೆ ಸಿಕ್ಕಿಸಿದಳು. ನನ್ನ ಪೆನ್ಸಿಲನ್ನು ಅವಳ ಕೈಗೆ ಕೊಟ್ಟೆ. ಒಂದು ಕಾಲದಲ್ಲಿ ಇದಕ್ಕೇ ಒದೆ ತಿಂದಿದ್ದಳು. ನಾನು ಟೇಪಿನ ತುದಿ ಹಿಡಿದೆ, ಮೇಸ್ತ್ರಿ ಅಂಕಿ ಓದಿದ, ಅವಳು ಗೆರೆ ಎಳೆದಳು.

ತಡೆಗೋಡೆಯ ಮೂಲೆ ಬಂದಾಗ ಅವಳು ನಿಂತಳು. ಅಲ್ಲಿ ಕತ್ತಲೆ, ಮೇಲಾಗಿ ಒದ್ದೆ. “ಇಲ್ಲಿಂದ ಮುಂದೆ ನನಗೂ ಕಾಣ್ತಿಲ್ಲ ಅಪ್ಪ. ಇಲ್ಲಿಗೇ ಬಿಡ್ಲಾ?”

“ಬಿಡಬೇಡ. ಎಲ್ಲರೂ ಬಾಯಿ ಮುಚ್ಚಿ ಒಂದು ನಿಮಿಷ.”

ಕಣ್ಣು ಮುಚ್ಚಿ ಕರಣೆ ಎಳೆದೆ. ಕರಕರ ನಿಂತ ಕಡೆ ಕೈ ನಿಲ್ಲಿಸಿದೆ, ಅವಳು ಕರಣೆಯ ತುದಿ ನೋಡಿ ಚುಕ್ಕೆ ಇಟ್ಟಳು. ಹೀಗೇ ಇಂಚಿಂಚು ಮುಂದೆ ಹೋದೆವು. ನುಣ್ಣನೆಯ ಮಣ್ಣು ತಡೆಗೋಡೆಯ ಮೇಲಿನ ಸಾಲಿನ ಕಲ್ಲುಗಳ ಅಡಿಗೆ ನುಗ್ಗಿತ್ತು. ಅಂದರೆ ಆ ಕಲ್ಲುಗಳನ್ನು ಹೂಳಿನ ಮೇಲೆ ಇಟ್ಟಿದ್ದಾರೆ. ಹೂಳು ಕೂತದ್ದು ಮೊದಲು, ಕಲ್ಲು ಆಮೇಲೆ. ಬಿದ್ದ ಗೋಡೆಯನ್ನು ಯಾರೋ ಮರಳಿ ಬಂದು ಎತ್ತಿ ಕಟ್ಟಿದ್ದರು.

ಡಾಕ್ಟರು ಬಗ್ಗಿ ಕಲ್ಲಿನ ಅಡಿಗೆ ಬೆರಳು ತೂರಿಸಿ ತಡವಿದರು. ಮಾದರಿಯ ಡಬ್ಬಿ ತೆರೆದರು.

ಫೆಬ್ರವರಿ ೧೬

ಹೆಂಡತಿಗೆ ನಾನೇ ಫೋನು ಮಾಡಿದೆ. ಕಣ್ಣಿನ ಆಸ್ಪತ್ರೆಯಲ್ಲಿ ಹೆಸರು ಬರೆಸು ಅಂದೆ. ‘ನಾನು ಆಗಲೇ ಹೇಳಿದ್ನಲ್ಲ’ ಅನ್ನುತ್ತಾಳೆ ಅಂತ ಕಾದೆ. ಅನ್ನಲಿಲ್ಲ. “ಹೋದ ತಿಂಗಳೇ ಬರೆಸಿದೀನಿ ಕಣ್ರೀ” ಅಂದಳು. ತಾಯಿ ಮಗಳು ದಿನಾ ಮಾತಾಡಿಕೊಳ್ಳುತ್ತಿದ್ದರಂತೆ.

ಮಾರ್ಚ್ ೧೧

ಗುಂಡಿ ಮುಚ್ಚಿದರು. ಬದಿಗೆ ಬಟ್ಟೆ ಹಾಸಿ, ಜರಡಿ ಹಿಡಿದ ಮಣ್ಣು ತುಂಬಿ, ಮೇಲೆ ಹುಲ್ಲಿನ ಹೆಂಟೆ ಇಟ್ಟರು. ಅಂಚಿನಲ್ಲಿ ಕೂತು ನೋಡಿದೆ. ನಾನು ಯಾವತ್ತೂ ಕಾಣದ ಆ ಪಟ್ಟಿಯೂ ಒಳಗೆ ಹೋಯಿತು. ಇಳಿಯುವಾಗ ಮಗಳ ಹೆಗಲ ಮೇಲೆ ಕೈಯಿಟ್ಟುಕೊಂಡು ಇಳಿದೆ. ಈಗ ಅವಳು ದಾರಿಯುದ್ದ ಮಾತಾಡಬೇಕಾಗಿಲ್ಲ, ಆದರೂ ಮಾತಾಡಿದಳು.

ಏಪ್ರಿಲ್ ೪

ಹೋದ ವಾರ ಬಲಗಣ್ಣಿನ ಪೊರೆ ತೆಗೆದರು. ಎಡದ್ದು ಮುಂದಿನ ತಿಂಗಳು. ಈ ಪುಸ್ತಕದ ಕಾಗದ ಬೆಳ್ಳಗಿದೆ. ಅಂಗಡಿಯವನ ಮೇಲೆ ಬರೆದದ್ದನ್ನು ವಾಪಸು ತೆಗೆದುಕೊಂಡಿದ್ದೇನೆ. ಬಲ್ಬಿನ ಕಂಪನಿಯವರನ್ನೂ ಕ್ಷಮಿಸಿದ್ದೇನೆ.

ಡಾಕ್ಟರ ಲ್ಯಾಬಿನಿಂದ ಹೂಳು ಹೂಳೇ ಅಂತ ಬಂತು. ಸಮಿತಿಯವರು ಎರಡು ವರ್ಷ ಕೊಟ್ಟರು. ಮೇಲಿನ ಗುಂಡಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲವಂತೆ. ಹಿಡಿಯಬಾರದು ಕೂಡ.

ಮಗಳು ವರದಿಗೆ ಹಾಕುವ ಚಿತ್ರಗಳನ್ನು ಇಲಾಖೆಯಿಂದ ತಂದು ಮೇಜಿನ ಮೇಲೆ ಹರಡಿಕೊಂಡಿದ್ದಳು. ಮೇಲಿನ ಗುಂಡಿಯದ್ದನ್ನು ಮಡಚಿ ಬದಿಗಿಟ್ಟಳು. “ಇದನ್ನ ಬಿಟ್ಟುಬಿಡೋಣ ಅಪ್ಪ. ಯಾರೂ ಕೇಳಲ್ಲ.”

“ಕೊಡಿಲ್ಲಿ.”

ಹಾಳೆಯ ಕೆಳಗೆ, ನನ್ನ ಸಹಿಯ ಪಕ್ಕದಲ್ಲಿ ಬರೆದೆ: ‘ಇದನ್ನು ಬರೆದವನಿಗೆ ಆಗ ಬೂದು ಬಣ್ಣ ಕಾಣುತ್ತಿರಲಿಲ್ಲ.’ ಹಾಳೆಯನ್ನು ಮತ್ತೆ ಕಟ್ಟಿಗೆ ಸೇರಿಸಿದೆ.

ಆಮೇಲೆ ಅವಳ ಚಿತ್ರವನ್ನು ಹೊಸ ಕಣ್ಣಲ್ಲಿ ನೋಡಿದೆ. ಪಟ್ಟಿ ಉದ್ದಕ್ಕೂ ಚೆನ್ನಾಗಿ ಬಂದಿದೆ. ಮೂಲೆಯಲ್ಲಿ ಮಾತ್ರ, ನಾನು ಕರಣೆ ಹಿಡಿದು ತೋರಿಸಿದ ಕಡೆ, ಗೆರೆ ಸಣ್ಣಗೆ ನಡುಗಿದೆ.

“ಅದನ್ನ ನೇರ ಮಾಡಲಾ?” ಅಂದಳು.

“ಮುಟ್ಟಿದ್ರೆ ನೋಡು.”

ನಕ್ಕು, ಚಿತ್ರಗಳನ್ನೆಲ್ಲ ಸುತ್ತಿಕೊಂಡು, ಅಮ್ಮನಿಗೆ ಬರುತ್ತೇನೆಂದು ಕೂಗಿ ಹೊರಟಳು. ಗೇಟಿನವರೆಗೆ ಹೋಗಿದ್ದಳು. ಕುರ್ಚಿಯ ಮೇಲೆ ಬಿದ್ದದ್ದು ನನ್ನ ಕಣ್ಣಿಗೆ ಬಿತ್ತು.

“ಏ, ನಿನ್ನ ನೀಲಿ ಜಾಕೆಟ್ಟು ಇಲ್ಲೇ ಬಿಟ್ಟಿದೀಯ ನೋಡು!”

ಅವಳು ನಿಂತಳು. ನಿಧಾನವಾಗಿ ವಾಪಸು ಬಂದು ಬಾಗಿಲಲ್ಲಿ ನಿಂತು ಕೇಳಿದಳು. “ಕಂದು ಅಲ್ವಾ ಅಪ್ಪ ಅದು?”

“ಕಂದು ಅಂತ ಯಾವ ಕುರುಡ ಹೇಳಿದ್ದು?”

ಅವಳು ನಗಲು ಶುರುಮಾಡಿದಳು. ಒಳಗಿನಿಂದ ಅವಳಮ್ಮ ಏನಾಯಿತೆಂದು ಬಂದು ನೋಡಿದಾಗ ಅದೇ ಜಾಕೆಟ್ಟಿನ ತೋಳಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.